ಕಡಿಮೆ ಓಡಿದ ಗಾಡಿ

ಹೋದ ವಾರ ನನ್ನ ಫೋನಿಗೊಂದು ಜಾಹೀರಾತು ಬಂತು. ಶಿರಾಳಕೊಪ್ಪದಲ್ಲಿರುವ ಹಳೆಯ ಶಿಷ್ಯೆಯೊಬ್ಬಳು ಕಳಿಸಿದ್ದು. ‘ಮಾರಾಟಕ್ಕಿದೆ. ಹಳೇ ಕಾಲದ ಅಮೆರಿಕನ್ ಸ್ಟೇಷನ್ ವ್ಯಾಗನ್. ಒಂದೇ ಮನೆಯವರ ಕೈಯಲ್ಲಿದ್ದದ್ದು. ಅತ್ಯುತ್ತಮ ಸ್ಥಿತಿ. ತುಂಬಾ ಕಡಿಮೆ ಓಡಿದೆ. ಆಸಕ್ತರು ಮಾತ್ರ ಸಂಪರ್ಕಿಸಿ.’ ಕೆಳಗೆ ಫೋಟೊ. ಉದ್ದನೆಯ ಮೈ, ಪಕ್ಕಕ್ಕೆ ಮರದ ಹಲಗೆ ಬಡಿದಂತೆ ಕಾಣುವ ಪಟ್ಟಿ, ಮುಖ ನೋಡಿಕೊಳ್ಳಬಹುದಾದಷ್ಟು ಹೊಳೆಯುವ ಬಂಪರು. ಶಿಷ್ಯೆ ಕೆಳಗೆ ಬರೆದಿದ್ದಳು: ‘ಟೀಚರ್, ಇದು ನಿಮ್ಮ ಮನೆ ಓನರ್ ಗಾಡಿ ಅಲ್ವಾ?’

ಹೌದು, ಅವರದೇ. ಅವರು ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ಅವರ ಅಕ್ಕನ ಮಗ ದಾವಣಗೆರೆಯಲ್ಲಿದ್ದಾನೆ. ಮನೆಗೆ ಬೀಗ ಹಾಕಿ ಗಾಡಿಯನ್ನು ಮಾರಾಟಕ್ಕಿಟ್ಟಿದ್ದಾನೆ. ಅವನ ಮೇಲೆ ನನಗೆ ಸಿಟ್ಟಿಲ್ಲ, ಬರೆದದ್ದರಲ್ಲಿ ಒಂದಕ್ಷರ ಸುಳ್ಳೂ ಇಲ್ಲ. ಗಾಡಿ ನಿಜಕ್ಕೂ ಕಡಿಮೆ ಓಡಿದೆ. ಯಾಕೆ ಕಡಿಮೆ ಓಡಿತು ಅನ್ನುವುದು ಮಾತ್ರ ಜಾಹೀರಾತಿನಲ್ಲಿ ಹಿಡಿಸುವ ಸಂಗತಿಯಲ್ಲ.

ಅವರ ಹೆಸರು ನಾನು ಹೇಳುವುದಿಲ್ಲ. ಹೇಳಿದರೆ ಶಿಕಾರಿಪುರದ ಕಡೆಯವರಿಗೆ ಮೊದಲು ನೆನಪಾಗುವುದು ಗಾಡಿ, ಆಮೇಲೆ ಮನುಷ್ಯ. ಬದುಕಿದ್ದಾಗಲೂ ಅವರಿಗೆ ಅದೇ ಆಗಿದ್ದು. ಇಲ್ಲಾದರೂ ಮನುಷ್ಯ ಮೊದಲು ಬರಲಿ.

ನಾನು ಸೊರಬದವಳು. ಶಿಕಾರಿಪುರದ ಹೈಸ್ಕೂಲೊಂದರಲ್ಲಿ ಲೆಕ್ಕದ ಟೀಚರಾಗಿದ್ದೆ, ರಿಟೈರಾಗುವ ತನಕ ಅವರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆ. ವಾರದ ಕೊನೆಗೆ ಬಸ್ಸು ಹತ್ತಿ ಸೊರಬದ ಅಮ್ಮನ ಮನೆಗೆ ಹೋಗುತ್ತಿದ್ದೆ. ಅವರಿಗೆ ಬಸ್ ಸ್ಟ್ಯಾಂಡಿನ ಹತ್ತಿರ ಔಷಧದ ಅಂಗಡಿ ಇತ್ತು. ತೆಳ್ಳಗೆ, ಎತ್ತರಕ್ಕೆ ಇದ್ದರು. ಹೆಗಲ ಮೇಲೆ ಸದಾ ಒಂದು ಹಳದಿ ಬಟ್ಟೆ. ಅದು ಮೈ ಒರೆಸುವುದಕ್ಕಲ್ಲ, ಗಾಡಿ ಒರೆಸುವುದಕ್ಕೆ. ನನ್ನನ್ನು ಕಂಡರೆ ‘ಅಕ್ಕೋರೆ’ ಅನ್ನುತ್ತಿದ್ದರು. ನಮ್ಮ ಕಡೆ ಟೀಚರಮ್ಮನನ್ನು ಹಾಗೇ ಕರೆಯುವುದು. ನನಗೂ ಗಂಡ ಮಕ್ಕಳು ಇರಲಿಲ್ಲ, ಅವರಿಗೂ ಹೆಂಡತಿ ಮಕ್ಕಳು ಇರಲಿಲ್ಲ. ಆದರೆ ನನಗೆ ಸೊರಬದಲ್ಲಿ ಅಮ್ಮ ಇದ್ದಳು. ಅವರಿಗೆ ಅಂಗಡಿ ಮುಚ್ಚಿ ಮನೆಗೆ ಬಂದರೆ ಮಾತಾಡುವುದಕ್ಕೆ ಗಾಡಿಯೊಂದೇ.

ಗಾಡಿಯನ್ನು ಕೊಂಡವರು ಅವರ ತಂದೆ. ಅಣೆಕಟ್ಟಿನ ಕೆಲಸಕ್ಕೆ ಬಂದಿದ್ದ ಒಬ್ಬ ವಿದೇಶಿ ಎಂಜಿನಿಯರ್ ತನ್ನ ದೇಶಕ್ಕೆ ವಾಪಸ್ಸು ಹೋಗುವಾಗ ಮಾರಿ ಹೋದದ್ದಂತೆ. ನಮ್ಮ ಕಡೆ ಅಂಥದ್ದು ಇನ್ನೊಂದಿರಲಿಲ್ಲ. ಸ್ಟೇರಿಂಗು ಎಡಗಡೆ. ಹಿಂದಿನ ಬಾಗಿಲು ಲಾರಿಯ ಹಲಗೆಯ ಹಾಗೆ ಕೆಳಕ್ಕೆ ಬೀಳುತ್ತಿತ್ತು. ಹಿಂದಿನ ಸೀಟು ಮಡಚಿದರೆ ಒಬ್ಬರು ಆರಾಮಾಗಿ ಕಾಲು ಚಾಚಿ ಮಲಗುವಷ್ಟು ಸಪಾಟು ಜಾಗ. ತಾಲ್ಲೂಕಿನ ಸ್ಥಿತಿವಂತರ ಮನೆಗಳಲ್ಲಿ ಮದುವೆ ಅಂದರೆ ಮದುಮಕ್ಕಳಿಗೆ ಅದೇ ಗಾಡಿ. ಹೂವಿನ ಸರ ಕಟ್ಟುವುದಕ್ಕೆ ಅಷ್ಟು ಉದ್ದದ ಬಾನೆಟ್ಟು ಬೇರೆ ಯಾವ ಕಾರಿಗಿತ್ತು?

ಕೆಟ್ಟದ್ದು ಆ ಸಪಾಟು ಜಾಗದಿಂದ. ನಮ್ಮ ಓನರಿಗಾಗ ಇನ್ನೂ ಹುಡುಗು ಪ್ರಾಯ. ಅಂಗಡಿಗೆ ಔಷಧ ತರಲು ಶಿವಮೊಗ್ಗಕ್ಕೆ ಹೋದವರು ಆಸ್ಪತ್ರೆ ಗೇಟಿನಲ್ಲಿ ಉಡುತಡಿಯ ಒಂದು ಕುಟುಂಬ ಅಳುತ್ತಾ ನಿಂತಿರುವುದನ್ನು ನೋಡಿದರು. ಮನೆಯ ಯಜಮಾನ ತೀರಿಕೊಂಡಿದ್ದ, ಯಾವ ಟ್ಯಾಕ್ಸಿಯವನೂ ಹೆಣ ಹಾಕಿಕೊಳ್ಳಲು ಒಪ್ಪುತ್ತಿರಲಿಲ್ಲ. ಇವರು ಔಷಧದ ಪೆಟ್ಟಿಗೆಗಳನ್ನು ಮುಂದಿನ ಸೀಟಿಗೆ ಏರಿಸಿ, ಹಿಂದಿನ ಸೀಟು ಮಡಚಿದರು. ‘ಹತ್ತಿಸ್ರಿ’ ಅಂದರು. ಅಷ್ಟೇ ಆಗಿದ್ದು.

ಮುಂದಿನ ವಾರ ಸೊರಬದಲ್ಲಿ ಒಂದು ಮದುವೆ. ಧಾರೆ ಮುಗಿದು ಮದುಮಗಳು ಗಾಡಿಯಲ್ಲಿ ಕೂತಿದ್ದಾಳೆ, ಇವರು ಇನ್ನೇನು ಹೊರಡಬೇಕು. ದಿಬ್ಬಣದಲ್ಲಿ ಯಾರೋ ಯಾರದೋ ಕಿವಿಯಲ್ಲಿ ಏನೋ ಅಂದರು. ಹುಡುಗಿಯ ಸೋದರಮಾವ ಬಂದು ಬಾಗಿಲು ತೆಗೆದ, ಅವಳ ಕೈಹಿಡಿದು ಇಳಿಸಿಕೊಂಡ. ಯಾರೂ ಒಂದು ಗಡಸು ಮಾತಾಡಲಿಲ್ಲವಂತೆ.

“ಜಗಳ ಆಡಿದ್ರೆ ಎಷ್ಟೋ ಚಲೋ ಇತ್ರೀ ಅಕ್ಕೋರೆ,” ಅನ್ನುತ್ತಿದ್ದರು ಅದನ್ನು ಹೇಳುವಾಗ. “ಸೀಟಿನ ಮ್ಯಾಲೆ ಉದುರಿದ್ದ ಅಕ್ಷತೆ ಸೈತ ಆರಿಸ್ಕೊಂಡು ಹೋದ್ರು. ಒಂದು ಕಾಳು ಬಿಡಲಿಲ್ಲ.” ಹೇಳಿ ನಗುತ್ತಿದ್ದರು. ಆಮೇಲೆ ಹೆಗಲ ಮೇಲಿನ ಬಟ್ಟೆ ತೆಗೆದು ಸುಮ್ಮನೆ ಬಾನೆಟ್ಟು ಒರೆಸುತ್ತಿದ್ದರು. “ಗಾಡಿಗೇನ್ ಗೊತ್ತು ರೀ?”

ಇದು ಅವರ ಮಾತು. ಯಾವುದಕ್ಕೂ ಇದೇ. ಆ ಮದುವೆಯ ನಂತರ ಇನ್ನೊಂದು ಮದುವೆಗೆ ಗಾಡಿ ಹೋಗಲಿಲ್ಲ. ಸುಖದ ಕೆಲಸಕ್ಕೆ ಯಾರೂ ಕೇಳಲಿಲ್ಲ. ಸಾವಾದರೆ ಮಾತ್ರ ಶಿಕಾರಿಪುರ, ಸೊರಬ ಎರಡೂ ತಾಲ್ಲೂಕಿನವರು ಅವರ ಅಂಗಡಿಗೇ ಓಡಿ ಬರುತ್ತಿದ್ದರು. ಅವರು ಒಬ್ಬರಿಗೂ ಇಲ್ಲ ಅಂದವರಲ್ಲ. ಸ್ವಂತ ಮದುವೆಯ ಮಾತು ಬಂದಾಗ ಮಾತ್ರ ಹಟಕ್ಕೆ ಬಿದ್ದರಂತೆ. ಹೆಣ್ಣು ನೋಡುವುದಕ್ಕೆ ಹೋದರೆ ಈ ಗಾಡಿಯಲ್ಲೇ ಹೋಗುವುದು, ಬಸ್ಸಿನಲ್ಲಿ ಹೋಗುವವನಲ್ಲ ಅಂತ. ಆ ಗಾಡಿ ಬಂದು ಬಾಗಿಲಲ್ಲಿ ನಿಲ್ಲಲಿ ಅಂತ ಯಾವ ಹೆಣ್ಣಿನ ಮನೆಯವರು ಒಪ್ಪುತ್ತಾರೆ? ಹಟಮಾರಿ ಗಂಡಸು ಅಂತ ನಾನು ಬೈದದ್ದುಂಟು. ಅವರು ಅದಕ್ಕೂ ‘ಗಾಡಿಗೇನ್ ಗೊತ್ತು’ ಅಂದರು.

ಆ ಗಾಡಿಯಲ್ಲಿ ನಾನು ಮೊದಲು ಕೂತದ್ದೂ ಸಾವಿನ ಜೊತೆಗೇ. ನಮ್ಮ ಶಾಲೆಯ ಹೆಡ್ ಕ್ಲರ್ಕ್ ಶಿವಮೊಗ್ಗದ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರ ಹೆಂಡತಿಯನ್ನು ಹಿಡಿದುಕೊಂಡು ಕೂರುವುದಕ್ಕೆ ನಾನು ಹೋಗಿದ್ದೆ. ಹಿಂದೆ ಹೆಡ್ ಕ್ಲರ್ಕರನ್ನು ಮಲಗಿಸಿತ್ತು, ಅವರ ಪಕ್ಕದಲ್ಲೇ ನಾವಿಬ್ಬರೂ ಕೂತಿದ್ದೆವು. ಗಾಡಿ ಊರು ಬಿಟ್ಟು ಸ್ವಲ್ಪ ದೂರ ಬಂದ ಮೇಲೆ, ಮುಂದೆ ಕೂತಿದ್ದ ಇವರು ಕತ್ತು ತಿರುಗಿಸದೆ, ಮೆಲ್ಲಗೆ, ಯಾರಿಗೋ ದಾರಿ ತೋರಿಸುವವರ ಹಾಗೆ ಹೇಳಿದರು.

“ಆಯನೂರು ಬಂತ್ ನೋಡ್ರಿ.”

ನಾವು ಯಾರೂ ಕೇಳಿರಲಿಲ್ಲ. ಇನ್ನೂ ಮುಂದೆ ಬಂದ ಮೇಲೆ ಮತ್ತೆ, “ಕುಮುದ್ವತಿ ಹೊಳಿ ಬಂತ್ ನೋಡ್ರಿ, ಸೇತುವೆ ಐತಿ, ಸಾವಕಾಶ ಹೋಗ್ತೀನಿ.” ಆಮೇಲೆ ಶಿಕಾರಿಪುರ. ಪಕ್ಕದಲ್ಲಿ ಹೆಂಗಸು ಅಳುತ್ತಿದ್ದಳು. ಇವರು ಒಂದೊಂದೇ ಊರಿನ ಹೆಸರು ಹೇಳುತ್ತಾ ಬಂದರು. ಮಣ್ಣು ಮುಗಿದು ವಾಪಸ್ಸು ಬರುವಾಗ ನಾನು ಕೇಳಿದೆ, ಅದೆಲ್ಲ ಯಾರಿಗೆ ಹೇಳಿದ್ದು ಅಂತ.

“ಅವರಿಗೇ ರೀ. ಮಲಗಿದ್ರೆ ಕಿಟಕಿ ಕಾಣಂಗಿಲ್ಲಲ್ಲ. ಊರಿಗೆ ಹೊಂಟೀವಿ ಅಂತ ಗೊತ್ತಾಗ್ಬೇಕಲ್ಲ ಅವರಿಗೆ.”

“ಅವರಿಗೆ ಕೇಳ್ಸುತ್ತಾ?”

“ಇದುವರೆಗೂ ಯಾರೂ ಹೂಂ ಅಂದಿಲ್ಲ ಬಿಡ್ರಿ,” ಅಂದರು. ತಮಾಷೆಗೇ ಅಂದದ್ದು. ನನಗೆ ನಗು ಬರಲಿಲ್ಲ.

ಅವರಿಗೊಂದು ರೂಢಿಯಿತ್ತು. ಹೆಣ ತಂದಾಗ ಬಿಟ್ಟರೆ ಗಾಡಿಯನ್ನು ಯಾರ ಮನೆಯ ಮುಂದೂ ನಿಲ್ಲಿಸುತ್ತಿರಲಿಲ್ಲ. ದೂರದಲ್ಲೆಲ್ಲೋ, ಸಂತೆ ಮೈದಾನದ ಹತ್ತಿರವೋ ಬಸ್ ಸ್ಟ್ಯಾಂಡಿನ ಹತ್ತಿರವೋ ಬಿಟ್ಟು ನಡೆದುಕೊಂಡು ಹೋಗುತ್ತಿದ್ದರು. ಇದು ನಮ್ಮ ಮನೆಯಲ್ಲಿ ಆದ ಒಂದು ಗಲಾಟೆಯಿಂದ ಬಂದ ರೂಢಿ. ಒಂದು ಭಾನುವಾರ ನಾನು ಬೆಳಿಗ್ಗೆಯ ಬಸ್ಸಿಗೆ ಸೊರಬಕ್ಕೆ ಹೊರಟೆ. ಅಮ್ಮನ ಬಿ.ಪಿ. ಮಾತ್ರೆಯ ಪೊಟ್ಟಣವನ್ನು ಮೆಟ್ಟಿಲ ಮೇಲೇ ಮರೆತಿದ್ದೆ. ಇವರು ಅದನ್ನು ನೋಡಿ ಗಾಡಿ ತೆಗೆದರು. ಸೊರಬದಲ್ಲಿ ಆ ಮಾತ್ರೆ ಸಿಗದೆ ಇರುತ್ತಿರಲಿಲ್ಲ, ಔಷಧದ ಅಂಗಡಿಯವರಿಗೆ ಅದು ನನಗಿಂತ ಚೆನ್ನಾಗಿ ಗೊತ್ತಿತ್ತು. ಸಾವಿಲ್ಲದೆ ಗಾಡಿ ತೆಗೆಯುವುದಕ್ಕೆ ಅವರಿಗೆ ಒಂದು ನೆಪ ಬೇಕಿತ್ತು, ಅಷ್ಟೇ. ನಮ್ಮ ಬಸ್ಸು ಶಿರಾಳಕೊಪ್ಪದಲ್ಲಿ ಹೊತ್ತುಗಟ್ಟಲೆ ನಿಂತಿತು. ಅವರು ಅದನ್ನು ದಾಟಿಕೊಂಡು ಹೋಗಿ ನೇರ ನಮ್ಮ ಮನೆ ಬಾಗಿಲಲ್ಲಿ ನಿಲ್ಲಿಸಿದರು.

ಅಮ್ಮ ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಮಗಳು ಬರುವ ಹೊತ್ತಿಗೆ ಸರಿಯಾಗಿ ಆ ಗಾಡಿ ಬಂದು ನಿಂತಿದೆ. ಮೊರ ಬಿಸಾಡಿ ಕೂಗಿಕೊಂಡಳಂತೆ. ನಾನು ಬಸ್ಸಿಳಿದು ಬರುವಾಗ ಬೀದಿಯ ಜನವೆಲ್ಲ ನಮ್ಮ ಮನೆ ಮುಂದೆ. ಪಕ್ಕದ ಮನೆಯವರು ಗಾಡಿಯ ಹಿಂಬಾಗಿಲು ಇಳಿಸಿ ನೋಡಿಯೂ ಆಗಿತ್ತು. ಒಳಗೆ ಒಂದು ಕೊಡೆ, ಒಂದು ನೀರಿನ ಬಾಟಲಿ. ಇವರು ಮಾತ್ರೆ ಪೊಟ್ಟಣ ಹಿಡಿದುಕೊಂಡು “ಬಸ್ಸಿನಾಗ ಬರಾಕತ್ಯಾರ್ರೀ, ಬಸ್ಸಿನಾಗ” ಅಂತ ಹೇಳುತ್ತಲೇ ಇದ್ದಾರೆ, ಯಾರು ಕೇಳುತ್ತಾರೆ? ನನ್ನನ್ನು ಕಂಡದ್ದೇ ಅಮ್ಮ ಎದ್ದು ಬಂದು ಬೆನ್ನಿಗೊಂದು ಗುದ್ದಿದಳು, ತಬ್ಬಿಕೊಂಡು ಅತ್ತಳು. ಆಮೇಲೆ ಅವರ ಕಡೆ ತಿರುಗಿದಳು.

“ಎಂತ ಮನುಷ್ಯನಪ್ಪ ನೀನು? ಆ ಗಾಡಿ ತಂದು ಬಾಗ್ಲಲ್ಲಿ ನಿಲ್ಸೋದಾ? ನನ್ ಜೀವ ಹೋಗ್ತಿತ್ತಲ್ಲ!”

“ತಪ್ಪಾತಮ್ಮಾ,” ಅಂದರು. ನೆರೆದವರೆಲ್ಲ ಆಗಲೇ ನಗಲು ಶುರು ಮಾಡಿದ್ದರು, ಅಮ್ಮನೂ ಕಣ್ಣೊರೆಸಿಕೊಂಡು ನಕ್ಕಳು, ಕಾಫಿ ಕುಡಿದು ಹೋಗು ಅಂದಳು. ಅವರೊಬ್ಬರು ನಗಲಿಲ್ಲ. ಪೊಟ್ಟಣವನ್ನು ಜಗಲಿಯ ಅಂಚಿನಲ್ಲಿಟ್ಟು, ಕಾಫಿ ಬೇಡ ಅಂದು ಹೊರಟುಹೋದರು.

ಕೆಲವು ವರ್ಷಗಳ ಮೇಲೆ ಊರೂರಿಗೂ ಆಂಬುಲೆನ್ಸುಗಳು ಬಂದವು. ಫೋನು ಮಾಡಿದರೆ ಸಾಕು, ಗಾಜಿನ ಕಿಟಕಿಯ ಬಿಳಿ ವ್ಯಾನು ಬಂದು ನಿಲ್ಲುತ್ತಿತ್ತು. ಅಂಗಡಿಗೆ ಓಡಿ ಬರುವವರು ಕಡಿಮೆಯಾದರು, ಆಮೇಲೆ ನಿಂತೇಹೋದರು. ಒಂದು ಸಂಜೆ ಅವರು ಗಾಡಿಯ ಪಕ್ಕ ಸ್ಟೂಲು ಹಾಕಿಕೊಂಡು ಕೂತಿದ್ದರು. ನಾನು ಮೆಟ್ಟಿಲು ಹತ್ತುತ್ತಿದ್ದೆ.

“ಬದುಕಿದೋರು ಮೊದ್ಲಿಂದಾನೂ ಬರ್ತಿರಲಿಲ್ಲ. ಈಗ ಸತ್ತೋರೂ ಬರಂಗಿಲ್ಲ ನೋಡ್ರಿ ಅಕ್ಕೋರೆ,” ಅಂದರು.

ನಾನು ಕೆಳಗಿಳಿದೆ. ಬಂದು ಅವರ ಪಕ್ಕದ ಮೆಟ್ಟಿಲ ಮೇಲೆ ಕೂತೆ. ಇಬ್ಬರೂ ಗಾಡಿಯನ್ನು ನೋಡುತ್ತಾ ಕೂತಿದ್ದೆವು.

ಗಾಡಿ ಮಾರುವ ಯೋಚನೆ ಬಂದದ್ದು ಆಗಲೇ. ತನ್ನ ನಂತರ ಅದು ಗುಜರಿಗೆ ಹೋಗಬಾರದು, ಯಾರಾದರೂ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಓಡಾಡಬೇಕು ಅಂತ ಅವರ ಆಸೆ. ಹುಬ್ಬಳ್ಳಿಯಿಂದ, ಮಂಗಳೂರಿನಿಂದ ಜನ ಬಂದರು. ಬಂದವರು ಗಾಡಿ ಸುತ್ತ ತಿರುಗಿ, ಅಡಿಗೆ ತೂರಿ ನೋಡಿ, ಮೀಟರು ನೋಡಿ ಬಾಯಿ ಬಿಡುತ್ತಿದ್ದರು. ಎಲ್ಲೂ ತುಕ್ಕಿಲ್ಲ, ಸೀಟು ಹರಿದಿಲ್ಲ, ಇಷ್ಟು ಕಮ್ಮಿ ಓಡಿದೆಯಾ ಅಂತ. ಮಾತು ಮುಗಿದು ಇನ್ನೇನು ಕೈ ಕುಲುಕಬೇಕು ಅನ್ನುವಾಗ ಇವರು ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು, “ಒಂದ್ ಮಾತು ಹೇಳ್ಬೇಕ್ರಿ,” ಅನ್ನುತ್ತಿದ್ದರು. ಹೇಳಿಬಿಡುತ್ತಿದ್ದರು, ಒಂದನ್ನೂ ಮುಚ್ಚಿಡದೆ.

ಒಬ್ಬ ತರುಣ ಬಂದಿದ್ದ. ಮದುವೆ ಗಂಡು ಹೆಣ್ಣುಗಳ ಫೋಟೊ ತೆಗೆಯುವುದಕ್ಕೆ ಇಂಥ ಗಾಡಿ ಬೇಕಿತ್ತು ಅಂದ. ಇವರ ಮುಖ ನೋಡಬೇಕಿತ್ತು ಆಗ! ಮದುಮಗಳು ಎಲ್ಲಿ ಕೂರುತ್ತಾಳೆ, ಹೂವು ಎಲ್ಲಿಂದೆಲ್ಲಿಗೆ ಕಟ್ಟಬೇಕು ಅಂತ ತಾವೇ ತೋರಿಸಿದ್ದೇ ತೋರಿಸಿದ್ದು. ಇವತ್ತು ಬಾಯಿ ಮುಚ್ಚಿಕೊಂಡಿರಪ್ಪ ಮಹಾರಾಯ ಅಂತ ನಾನು ಮಹಡಿಯ ಮೇಲೆ ನಿಂತು ಮನಸ್ಸಿನಲ್ಲೇ ಅಂದುಕೊಂಡೆ. ಎಲ್ಲಿ! ಹೇಳಿದರು. ತರುಣ ಅಮ್ಮನನ್ನು ಒಂದು ಮಾತು ಕೇಳಿ ಬರುತ್ತೇನೆ ಅಂತ ಫೋನು ಹಿಡಿದು ರಸ್ತೆಗೆ ಹೋದ, ಹಾಗೇ ಹೋದ.

ನಾನು ಸಿಟ್ಟಿನಿಂದ ಕೆಳಗಿಳಿದು ಬಂದೆ. “ನಿಮ್ಮನ್ನ ಯಾರು ಕೇಳಿದ್ರು ರೀ? ಕೇಳದೆ ಇದ್ದದ್ದನ್ನ ಯಾಕೆ ಹೇಳ್ತೀರಿ?”

“ನಾ ಹೇಳ್ದಿದ್ರೆ ಯಾರೋ ಹೇಳ್ತಾರ್ರಿ. ಕುಂತ ಮ್ಯಾಲೆ ಗೊತ್ತಾದ್ರೆ ಇಳ್ದು ಹೋಗ್ತಾರೆ. ಕುಂತೋರು ಇಳ್ದು ಹೋಗೋದನ್ನ ನಾ ಒಮ್ಮೆ ನೋಡೀನಿ. ಮತ್ತೊಮ್ಮೆ ಬ್ಯಾಡ.”

ಆಮೇಲೆ ನಾನು ಆ ಮಾತು ಎತ್ತಲಿಲ್ಲ.

ರಿಟೈರಾಗಿ ನಾನು ಸೊರಬಕ್ಕೆ ಬಂದೆ. ಚೌತಿ ಮುಗಿದ ಒಂದು ದಿನ, ಆಕಾಶ ತಿಳಿಯಾಗಿತ್ತು, ಇವರು ನಮ್ಮ ಮನೆಗೆ ಬಂದರು. ನಡೆದೇ ಬಂದರು, ಬೆವೆತಿದ್ದರು. ಗಾಡಿ ಬಸ್ ಸ್ಟ್ಯಾಂಡಿನ ಹತ್ತಿರ ಬಿಟ್ಟಿದ್ದೇನೆ ಅಂದರು. ಅಮ್ಮನಿಗೆ ಮಾತ್ರೆ ತಂದಿದ್ದರು. ಅದೂ ಇದೂ ಮಾತಾಡಿದರು. ಆಮೇಲೆ ನೆಲ ನೋಡುತ್ತಾ, “ಗುಡವಿ ಕೆರಿಗೆ ಹಕ್ಕಿ ಬಂದಾವಂತೆ,” ಅಂದರು. “ಇಷ್ಟ್ ವರ್ಷ ಇಲ್ಲೇ ಇದ್ದು ಒಮ್ಮೆನೂ ನೋಡಿಲ್ರಿ. ಒಬ್ಬನೇ ಹೋಗಿ ಏನ್ ನೋಡೋದು ಅಂತ.”

ಬನ್ನಿ ಅಂತ ಅವರು ಕರೆಯಲಿಲ್ಲ. ಕರೆಯುವ ಅಭ್ಯಾಸವೇ ಅವರಿಗೆ ತಪ್ಪಿಹೋಗಿತ್ತು. ಆದರೆ ಅದನ್ನು ಕೇಳುವುದಕ್ಕೇ ಅಷ್ಟು ದೂರ ಬಂದಿದ್ದರು ಅನ್ನುವುದು ನನಗೆ ಗೊತ್ತಾಯಿತು. ನಾನು ಹೊರಡುವವಳೇ, ಅಮ್ಮ ಏನನ್ನುತ್ತಾಳೋ ಅಂತ ಅವಳ ಮುಖ ನೋಡಿದೆ. ಅಮ್ಮ ಗೋಡೆ ಹಿಡಿದು ಎದ್ದು ನಿಂತಿದ್ದಳು.

“ನನ್ ಶಾಲು ಕೊಡೇ. ನಾನೂ ಬರ್ತೀನಿ.”

“ಅಮ್ಮಾ, ಆ ಗಾಡೀಲಿ...”

“ಗೊತ್ತದೆ ಕಣೇ. ಹೆಂಗಿದ್ರೂ ಒಂದಿನ ಹಿಂದೆ ಮಲಗಿಸ್ಕೊಂಡು ಹೋಗೋದೇ. ಇವತ್ತು ಮುಂದೆ ಕೂರ್ತೀನಿ.” ಅವರ ಕಡೆ ತಿರುಗಿ, “ಸ್ಟ್ಯಾಂಡಿನ ತನಕ ನಡೆಯಕ್ಕೆ ನಂಗೆ ಮಂಡಿ ಬಿಡಲ್ಲ ತಮ್ಮಾ. ಇಲ್ಲಿಗೇ ತಂದು ನಿಲ್ಸು,” ಅಂದಳು.

“ಬಾಗಲಿಗೆ ಬ್ಯಾಡಮ್ಮಾ, ಮಂದಿ...”

“ಬಾಗ್ಲಿಗೇ ತಾ.”

ತಂದರು. ಬೀದಿಯ ಬಾಗಿಲುಗಳೆಲ್ಲ ತೆರೆದವು. ಪಕ್ಕದ ಮನೆಯವಳು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಓಡಿಬಂದಳು. ಅಮ್ಮ ಶಾಲು ಹೊದ್ದು ತಾನೇ ನಡೆದು ಹೋಗಿ ಮುಂದಿನ ಬಲಗಡೆಯ ಸೀಟಿನಲ್ಲಿ ಕೂತಳು. ನಮ್ಮ ಊರಿನ ಕಾರುಗಳಲ್ಲಿ ಡ್ರೈವರು ಕೂರುವ ಜಾಗ ಅದು. ಗಾಡಿ ಹೊರಟಾಗ ಹಿಂದಿನಿಂದ ಯಾರೋ ಕೂಗಿದರು, “ಅಯ್ಯಯ್ಯೋ, ಅಜ್ಜಿ ಗಾಡಿ ಓಡಿಸ್ತದೆ ನೋಡ್ರೇ!” ಅಮ್ಮ ಕಿಟಕಿಯಿಂದ ಕೈ ಬೀಸಿದಳು. ಇವರು ಮಾತ್ರ ಬಿಗಿದುಕೊಂಡು ಕೂತಿದ್ದರು. ಯಾವ ಗಳಿಗೆಯಲ್ಲಿ ಅಮ್ಮ ಇಳಿಸು ಅನ್ನುತ್ತಾಳೋ ಅಂತ ಕಾಯುತ್ತಿರುವವರ ಹಾಗೆ ಕಂಡರು.

ಊರು ದಾಟಿ, ಹೊಳೆ ಹತ್ತಿರ ಬಂದಾಗ ಅವರ ಬಾಯಿಂದ ಅದು ತಾನಾಗಿ ಬಂತು.

“ಹೊಳಿ ಬಂತ್ ನೋಡ್ರಿ.”

ಹೇಳಿದ ಮೇಲೆ, ಯಾರಿಗೆ ಹೇಳುವ ಮಾತು ಅದು ಅಂತ ಅವರಿಗೆ ಹೊಳೆಯಿತು. ಗಾಡಿ ನಿಧಾನವಾಯಿತು. ಹಿಂದೆ ಕೂತಿದ್ದ ನಾನು ಅಮ್ಮನನ್ನೇ ನೋಡಿದೆ. ಅಮ್ಮನಿಗೆ ಇದ್ಯಾವುದೂ ತಿಳಿಯದು. ಅವಳು ಕಿಟಕಿಯಿಂದ ಬಗ್ಗಿ ನೋಡಿದಳು.

“ಹೂಂ, ಕಂಡೆ. ನೀರು ಚಲೋ ಅದೆ ಈ ಸಲ,” ಅಂದಳು.

ಅವರು ಸೇತುವೆ ದಾಟಿ ಗಾಡಿಯನ್ನು ರಸ್ತೆ ಪಕ್ಕಕ್ಕೆ ಹಾಕಿ ಇಳಿದರು. ಹೆಗಲ ಬಟ್ಟೆ ತೆಗೆದು ಮುಂದಿನ ಗಾಜು ಒರೆಸಿದರು. ಗಾಜಿನ ಮೇಲೆ ಒಂದು ಚೂರು ಧೂಳಿರಲಿಲ್ಲ. ಒರೆಸಿದ್ದನ್ನೇ ಒರೆಸುತ್ತಾ ನಿಂತಿದ್ದರು. “ಎಂತ ಆಯ್ತೇ ಈ ಮನುಷ್ಯಂಗೆ?” ಅಂತ ಅಮ್ಮ ನನ್ನನ್ನು ಕೇಳಿದಳು. ಏನಿಲ್ಲ ಅಂದೆ.

ಗುಡವಿಯ ಕೆರೆಯಲ್ಲಿ ಮರ ಕಾಣದಷ್ಟು ಬಿಳಿ ಹಕ್ಕಿಗಳಿದ್ದವು. ಆದರೆ ಅವರು ಹಕ್ಕಿ ನೋಡಿದ್ದು ಕಡಿಮೆ, ಅಮ್ಮ ಹಕ್ಕಿ ನೋಡುವುದನ್ನು ನೋಡಿದ್ದೇ ಹೆಚ್ಚು. ವಾಪಸ್ಸು ಬರುವಾಗ ಪ್ರತಿ ಊರಿಗೂ ‘ಬಂತ್ ನೋಡ್ರಿ’ ಅಂದರು, ಈಗ ಗಟ್ಟಿಯಾಗಿ. ಅಮ್ಮ ಪ್ರತಿ ಸಲವೂ ಹೂಂ ಅಂದಳು. ಮನೆ ಬಾಗಿಲಲ್ಲೇ ಗಾಡಿ ನಿಲ್ಲಿಸಿ, ಒಳಗೆ ಬಂದು, ಜಗಲಿಯಲ್ಲಿ ಕೂತು ಕಾಫಿ ಕುಡಿದರು.

ಮುಂದಿನ ಸಲ ಬನವಾಸಿಗೆ ಹೋಗೋಣ ಅಂದಿದ್ದಳು ಅಮ್ಮ. ಅದಾಗಲಿಲ್ಲ. ಅವರಿಗೆ ಎದೆನೋವು ಬಂದು ಶಿವಮೊಗ್ಗಕ್ಕೆ ಸೇರಿಸಿದರು, ಅಲ್ಲೇ ತೀರಿಕೊಂಡರು. ಆ ಗಾಡಿ ಓಡಿಸಲು ಬೇರೆ ಯಾರಿಗೂ ಬರುತ್ತಿರಲಿಲ್ಲ, ಆಂಬುಲೆನ್ಸಿನಲ್ಲೇ ತಂದೆವು. ಅವರ ಅಕ್ಕನ ಮಗ ಡ್ರೈವರಿನ ಪಕ್ಕ ಕೂತಿದ್ದ, ನಾನೊಬ್ಬಳೇ ಹಿಂದೆ ಅವರ ಜೊತೆ. ಕಿಟಕಿಯ ಗಾಜಿಗೆ ಬಣ್ಣ ಬಳಿದಿತ್ತು, ಅಂಚಿನಲ್ಲಿ ಸ್ವಲ್ಪ ಕಾಣುತ್ತಿತ್ತು. ಅಲ್ಲಿ ಕಣ್ಣಿಟ್ಟು ಹೇಳಿದೆ. ಆಯನೂರು ಬಂತ್ ನೋಡ್ರಿ. ಸೇತುವೆ ಬಂತ್ ನೋಡ್ರಿ. ಶಿಕಾರಿಪುರ ಬಂತ್ ನೋಡ್ರಿ. ಹೇಳಿ ಹೇಳಿ ಸುಮ್ಮನೆ ಕಾಯುವುದು ಎಂಥ ಒಂಟಿ ಕೆಲಸ ಅಂತ ನನಗೆ ಆವತ್ತು ತಿಳಿಯಿತು. ಅವರು ಅದನ್ನು ಜೀವಮಾನವೆಲ್ಲ ಮಾಡಿದ್ದರು.

ನಿನ್ನೆ ಅವರ ಅಕ್ಕನ ಮಗ ಫೋನು ಮಾಡಿದ. ದಾವಣಗೆರೆಯ ಒಬ್ಬರು ಗಾಡಿ ನೋಡುವುದಕ್ಕೆ ಬಂದಿದ್ದಾರೆ, ಇಷ್ಟು ಕಮ್ಮಿ ಯಾಕೆ ಓಡಿದೆ ಅಂತ ಕೇಳುತ್ತಿದ್ದಾರೆ, ನನಗೆ ಸರಿಯಾಗಿ ಗೊತ್ತಿಲ್ಲ, ನೀವೇ ಮಾತಾಡಿ ಅಂದ. ಫೋನು ಆ ಮನುಷ್ಯನ ಕೈಗೆ ಹೋಯಿತು. ನಾನು ಹೇಳಿದೆ, ಅವರು ಹೇಳುತ್ತಿದ್ದ ಹಾಗೆಯೇ. ಉಡುತಡಿಯ ಯಜಮಾನನಿಂದ ಹಿಡಿದು, ಆರಿಸಿಕೊಂಡು ಹೋದ ಅಕ್ಷತೆಯನ್ನೂ ಬಿಡದೆ ಎಲ್ಲ ಹೇಳಿದೆ. ಆ ಕಡೆ ಗಾಡಿಯ ಬಾಗಿಲು ಮುಚ್ಚಿದ ಸದ್ದು ಕೇಳಿಸಿತು. ಇವನೂ ಇಳಿದು ಹೋದ ಅಂದುಕೊಂಡೆ.

“ಹಂಗಾರೆ ಮೇಡಂ,” ಅಂದ ಆತ ಕೊನೆಗೆ, “ಖುಷಿಗೆ ಅಂತ ಆ ಗಾಡ್ಯಾಗೆ ಯಾರೂ ಕುಂತೇ ಇಲ್ಲೇನ್ರಿ?”

“ಒಬ್ಬರು ಕೂತಿದ್ದಾರೆ. ತಾಳಿ,” ಅಂದೆ. ಜಗಲಿಗೆ ಹೋಗಿ ಫೋನನ್ನು ಅಮ್ಮನ ಕೈಗೆ ಕೊಟ್ಟೆ.